ಬನ್ನಿಕಟ್ಟಿ ವಾಡೇಕ ಕೊಟ್ಟ ಗಂಡ

ವಾಡೆ ಕೊಳ್ಳಾಕ ಹೋದಾಕಿ ಗಂಡನ್ನ ಕೊಟ್ಟು ಬಂದ್ಲು ಅಂತ ಮೂಡಲಗಿ ಸಂತ್ಯಾಗ ನನ್ನ ಬೆನ್ನ ಹಿಂದ ಆಡ್ಕೋತಾರ. ಆಡ್ಕೊಳ್ಳಿ. ಮಂದಿ ಬಾಯಿಗೆ ನಾ ಏನು ಕೀಲಿ ಹಾಕ್ಲಿ? ಆದ್ರ ಕೊಟ್ಟಾಕಿ ನಾ ಅಲ್ಲ. ಇದನ್ನ ಮೊದಲ ತಿಳಕೋರಿ, ಆಮ್ಯಾಲ ಉಳದದ್ದ ಕೇಳ್ರಿ. ಕೊಟ್ಟಾಕಿ ನಮ್ಮತ್ತಿ ಲಕ್ಕವ್ವ. ತುಂಬಿದ ಮನ್ಯಾಗ, ನಾಕ ಮಂದಿ ಹಿರೇರ ಮುಂದ, ಅಂಗೈಯಾಗ ನೀರ ಬಿಟ್ಟು ಕೊಟ್ಲು. ನಾ ಅವತ್ತ ಬಾಜೂಕ ಕುಂತು ಉರಕೊಳ್ಳಾಕತ್ತಿದ್ದೆ.

ಎರಡನೇ ಲಢಾಯಿ ಸುರು ಆಗೂಕಿಂತ ಮೊದಲಿನ ಮಾತು. ನಮ್ಮವರದು ಮೂಡಲಗಿ ಪ್ಯಾಟ್ಯಾಗ ಬೆಲ್ಲದ ಅಡತಿ ಇತ್ತು. ನಾ ಹುಕ್ಕೇರಿ ಕಡೆ ಮಗಳು, ಸುಂದ್ರವ್ವ ಅಂತ. ನಮಗ ಮಕ್ಕಳಾಗಿರಲಿಲ್ಲ; ಅದಕ್ಕ ಅವರು ನನಗ ಎಂದೂ ಒಂದು ಮಾತ ಅಂದವರಲ್ಲ. ಉಣ್ಣಾಕ ಕಮ್ಮಿ ಇಲ್ಲ, ಉಡಾಕ ಕಮ್ಮಿ ಇಲ್ಲ. ಆದ್ರ ನಮ್ಮವರಿಗೆ ಒಂದ ಹುಚ್ಚ ಇತ್ತು, ವಾಡೇದ ಹುಚ್ಚು. ಬೆಲ್ಲದ ಗಾಡಿ ಹೊಡಕೊಂಡು ಎಲ್ಲಿ ಹೋದ್ರೂ ದೇಸಾಯರ ವಾಡೆ ಕಂಡಲ್ಲೆ ಗಾಡಿ ನಿಂದ್ರಿಸಿ ಬಾಯಿ ತಕ್ಕೊಂಡು ನೋಡೋರು. "ನೋಡ ಸುಂದ್ರಾ, ಆ ಬಾಗಲಾ ನೋಡ, ಅದರಾಗ ಆನಿ ಹೋಗಬೇಕು" ಅನ್ನೋರು. "ಆನಿ ಎಲ್ಲೈತ್ರೀ ನಿಮ್ಮ ಹಂತೇಕ? ಇರೂವು ಎರಡ ಮುದಿ ಎತ್ತು" ಅಂತ ನಾ ಚಾಷ್ಟಿ ಮಾಡತಿದ್ದೆ. ನಗೋರು. ನಗೂ ಮನಿಷ್ಯಾ ಅವರು, ಆವಾಗ.

ಬನ್ನಿಕಟ್ಟಿ ನಮ್ಮೂರಿಂದ ಮೂಡಣ ದಿಕ್ಕಿಗೆ, ಹಳ್ಳದ ಆಚಿ. ಈಚಿ ದಂಡಿ ಇಂಗ್ರೇಜಿ ಹದ್ದು, ಆಚಿ ದಂಡಿ ಒಬ್ಬ ರಾಜರ ಸಂಸ್ಥಾನ. ಈಗ ಹೇಳಿದ್ರ ಹುಡುಗೂರು ನಗತಾವ. ಆದ್ರ ಆಗ ಹಳ್ಳಾ ದಾಟಿದ್ರ ನಮಗ ಅದು ಪರದೇಶನ. ಬ್ಯಾರೆ ಕಾಯ್ದೆ, ಬ್ಯಾರೆ ಪೋಲೀಸ್ರು, ಬ್ಯಾರೆ ಜಕಾತಿ. ನಾಕಾದಾಗ ನಿಂತು ಯಾವೂರು, ಯಾರ ಪೈಕಿ, ಯಾಕ ಬಂದ್ರಿ ಅಂತ ಹೇಳಿದ ಮ್ಯಾಲನ ಗಾಡಿ ಬಿಡೋರು. ಆ ಬನ್ನಿಕಟ್ಟ್ಯಾಗ ಪೇಶ್ವೇರ ಕಾಲದ್ದೊಂದು ವಾಡೆ ಇತ್ತು. ಅದಕ್ಕ ಹತ್ತಿದಂಗ ಹಳ್ಳದ ತನಾ ಎರಿ ಹೊಲಾ, ಮೆಟ್ಟಲಾ ಇದ್ದ ಬಾವಿ, ಮಾವಿನ ತ್ವಾಟಾ. ಇಷ್ಟೆಲ್ಲಾಕ್ಕ ಉಳದಾಕಿ ಒಬ್ಬಾಕಿ ಮುದಕಿ, ದೇಸಾಣಿ ಅಕ್ಕವ್ವ. ಗಂಡ ಯಾವಾಗೋ ತೀರಿದ್ದ. ಇದ್ದೊಬ್ಬ ಮಗ ರುದ್ರಗೌಡ, ಅವನ ಹೇಂತಿ ಶಿವಗಂಗವ್ವ, ಇಬ್ಬರೂ ಪ್ಲೇಗಿನ್ಯಾಗ ಒಬ್ಬರ ಬೆನ್ನಿಗೊಬ್ಬರು ಹೋಗಿದ್ರು.

ಮುದಕಿ ವಾಡೆ ಕೊಡತಾಳಂತ ಅಂತ ಸುದ್ದಿ ಬಂದದ್ದ ತಡ, ನಮ್ಮವರ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಆದ್ರ ಸಂಸ್ಥಾನದ ಕಾಯ್ದೆ ಅಡ್ಡ ಬಂತು. ಇನಾಮಿನ ಹೊಲಾ ಮನಿ ಹೊರಗಿನವರಿಗೆ ಮಾರಾಂಗಿಲ್ಲ. ಮುದಕಿ ಹಂಗ ಸತ್ಲಂದ್ರ ಎಲ್ಲಾ ದರಬಾರಕ್ಕ ಜಮಾ. ಇವರು ಗೋಕಾವಿಗೆ ಓಡಿದ್ರು, ಒಬ್ಬ ವಕೀಲನ ಕಡೆ. ಆ ಪುಣ್ಯಾತ್ಮ ಎಲಿ ಅಡಿಕಿ ಮೆಲಕೋಂತ ದಾರಿ ತೋರಿಸಿದ. "ಮಾರಾಕ ಬರೂದಿಲ್ಲ, ಖರೆ. ಮಗಗ ಕೊಡಾಕ ಬರತೈತಲ್ಲ? ನೀವು ಆಕಿಗೆ ದತ್ತಕ ಹೋಗ್ರಿ. ಲಗ್ನಾದವರೂ ದತ್ತಕ ಹೋಗಬಹುದು, ಅದಕ್ಕೇನೂ ಅಡ್ಡಿ ಇಲ್ಲ. ಹೆಸರಿಗೆ ಮಗಾ, ಖರೇವಂದ್ರ ಖರೀದಿ. ಮುದಕಿ ಕೈಯಾಗ ರೊಕ್ಕಾ ಇಡ್ರಿ, ಆಕಿ ಶ್ರೀಶೈಲಕ್ಕ ಹೋಗಿ ಶಿವಾ ಶಿವಾ ಅಂತ ಕೂಡಲಿ."

ನನಗ ಮೈಯೆಲ್ಲಾ ಬೆಂಕಿ ಆತು. "ಏನ್ರೀ, ಮೀಸಿ ಬಂದ ಗಂಡಸು ಇನ್ನೊಬ್ಬರ ತೊಟ್ಲಾಗ ಮಲಗ್ತೀರೇನು?" ಅಂತ ಕೇಳಿದೆ.

"ಹುಚ್ಚಿ, ಕಾಗದದಾಗಿನ ಮಾತದು. ಕಾಗದದಾಗ ಯಾರ ಮಗಾ ಆದ್ರೇನು, ನಿನ್ನ ಗಂಡ ಆಗಿ ಇರತೇನಲ್ಲ?" ಅಂದ್ರು. ಹಂಗಂದು ನನ್ನ ಗಲ್ಲಾ ಹಿಂಡಿದ್ರು. ಆ ಮಾತು ಇವತ್ತಿಗೂ ಕಿವ್ಯಾಗ ಐತಿ.

ದತ್ತಕಾ ಕೊಡಬೇಕಂದ್ರ ಹಡದವರ ಕೈಯಿಂದನ ಕೊಡಬೇಕು. ಮಾವ ಇರಲಿಲ್ಲ. ಹಿಂಗಾಗಿ ನಮ್ಮತ್ತಿ ಲಕ್ಕವ್ವನ್ನ ಗಾಡ್ಯಾಗ ಕೂಡಿಸಿಕೊಂಡು ಬನ್ನಿಕಟ್ಟಿಗೆ ಹೋದ್ವಿ. ಲಕ್ಕವ್ವ ಮೊದಲ ಒಲ್ಲೆ ಅಂದ್ಲು, ಆಮ್ಯಾಲ ಮಗನ ಮಾರಿ ನೋಡಿ ಹೂಂ ಅಂದ್ಲು. ಮಗಾ ಬೇಡಿದ್ರ ಎದಿ ಕೊಯ್ದು ಕೊಡೋ ಹೆಂಗಸು ಆಕಿ.

ವಾಡೆ ದೂರಿಂದ ನೋಡಾಕ ಚಂದ ಇತ್ತು. ಒಳಗ ಹೋದ್ರ ನನಗ ಮೈ ಜುಮ್ ಅಂತು. ಸುಡು ಸುಡು ಬಿಸಲಾಗ ಹೋಗಿದ್ವಿ, ಒಳಗ ಮಣ್ಣಿನ ಕೊಡದಾಗ ಕೈ ಇಟ್ಟಂಗ ತಣ್ಣಗ. ಖಾಲಿ ಬಿದ್ದ ಮನಿ ಧೂಳ ವಾಸನಿ ಹೊಡೀಬೇಕಲ್ಲ? ಅಲ್ಲಿ ಒಗ್ಗರಣಿ ವಾಸನಿ, ಆಗ ಅರದ ಅರಿಷಿಣ ವಾಸನಿ. ಗ್ವಾಡ್ಯಾಗಿನ ಗೂಟಕ್ಕ ಗಂಡಸರ ರುಮಾಲ, ನಿನ್ನೆ ಒಗದು ಒಣಗಿಸಿದಂಗ. ಅಕ್ಕವ್ವ ದೇಸಾಣಿ ನಡುಮನ್ಯಾಗ ಗಾದಿ ಮ್ಯಾಲ ಕುಂತಿದ್ಲು, ಬೆಳ್ಳನ ಮುದಕಿ, ಕಣ್ಣ ಮಾತ್ರ ಹರೇದವರವು. ನಮ್ಮವರು ಒಳಗ ಬಂದಾಗ ಆಕಿ "ಬರ್ರಿ" ಅನ್ನಲಿಲ್ಲ. "ಯಾಕ ಇಷ್ಟ ತಡಾ ಮಾಡಿದಿ?" ಅಂದ್ಲು.

ಅವರು ಹಳ್ಳಕ್ಕ ನೀರ ಬಂದಿತ್ತು ಅಂತ ಏನೋ ಹೇಳಿದ್ರು. ಹಳ್ಳಾ ಬತ್ತಿ ಬಣಬಣ ಅಂತಿತ್ತು. ನಾ ಅವರ ಮಾರಿ ನೋಡಿದೆ, ಅವರು ನನ್ನ ಮಾರಿ ನೋಡಲಿಲ್ಲ.

ಅಯ್ಯನವರು ಬಂದ್ರು, ಊರ ಹಿರೇರು ಬಂದು ಕುಂತ್ರು. ಲಕ್ಕವ್ವ ಮಗನ ಹೆಸರ ಹಿಡದು, ಇಂಥಾವನ್ನ ನಿನಗ ಕೊಟ್ಟೇನಿ, ಇವತ್ತಿಂದ ಇಂವಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ, ಅಂತ ಅಕ್ಕವ್ವನ ಅಂಗೈಯಾಗ ನೀರ ಬಿಟ್ಲು. ಅಕ್ಕವ್ವ ಸೆರಗ ಒಡ್ಡಿದ್ಲು. ನಮ್ಮವರು ಆಕಿ ತೊಡಿ ಮ್ಯಾಲ ತಲಿ ಇಟ್ರು. ಆಗ ಆ ಮುದಕಿ, ಕೂಸಿಗೆ ಹೆಸರಿಡೂವಾಗ ಮಾಡತಾರಲ್ಲ, ಹಂಗ ಬಾಗಿ ಕಿವ್ಯಾಗ "ಕುರ್ರ್... ರುದ್ರಗೌಡ" ಅಂದ್ಲು. ಅಷ್ಟ ದೊಡ್ಡ ಗಂಡಸಿನ ಕಿವ್ಯಾಗ ಕುರ್ರ್ ಅಂದದ್ದಕ್ಕ ಹೆಣಮಕ್ಕಳೆಲ್ಲಾ ಘೊಳ್ಳ ಅಂತ ನಕ್ಕರು. ಅವರೂ ನಕ್ಕರು. ಎರಡನೇ ಸಲ ಅಂದಾಗ ಸುಮ್ಮನ ನಕ್ಕರು. ಮೂರನೇ ಸಲ ಅಂದಾಗ ಅವರ ಮಾರಿ ಮ್ಯಾಲಿನ ನಗಿ, ಯಾರೋ ಅರಿವೀಲೆ ಒರಸಿ ತಗದಂಗ ಹೋತು. "ಓ" ಅಂದ್ರು, ಯಾರೋ ಕರದವರಿಗೆ ಓಗೊಟ್ಟಂಗ.

ಅಕ್ಕವ್ವ ಲಕ್ಕವ್ವನ ಕಡೆ ನೋಡಿ, "ಕೊಟ್ಟಾಕಿ ಇನ್ನ ಹಳೇ ಹೆಸರ ಹಿಡದು ಕರ್ಯಾಂಗಿಲ್ಲ, ತಂಗಿ. ಕರದ್ರ ಬಿಟ್ಟ ನೀರಿಗೆ ಎರಡ ಬಗದಂಗ. ಅದರ ಪಾಪ ನಿನಗಲ್ಲ, ಅವನ ತಲೀಗೆ ಬರತೈತಿ" ಅಂದ್ಲು. ಲಕ್ಕವ್ವ ಕಣ್ಣ ಒರಸಿಕೋಂತ ಹೂಂ ಅಂದ್ಲು.

ಆಮ್ಯಾಲ ನನ್ನ ಪಾಳಿ. ಅಕ್ಕವ್ವ ಹಸರ ಸೀರಿ, ಖಣ ಹಿಡಕೊಂಡು ಕರದ್ಲು. "ಮಗಾ ಬಂದ ಮ್ಯಾಲ ಸೊಸಿ ಬ್ಯಾಡ ಅನ್ನಾಕಾದೀತ? ಬಾ ಇಲ್ಲೆ. ನಿನ್ನ ಹೆಸರ ಶಿವಗಂಗವ್ವ ಅಂತ ಇಡತೇನಿ."

"ಹೆಸರ ಬದಲ ಮಾಡಾಕ ನಾ ಏನು ಕಿಲುಬಿದ ಹಂಡೇನ್ರಿ, ಕಲಾಯಿ ಹಚ್ಚಿ ಹೊಸಾದ ಅನ್ನಾಕ?" ಅಂದೆ. "ನಮ್ಮಪ್ಪ ಇಟ್ಟ ಹೆಸರ ಐತಿ, ಚಲೋ ಐತಿ. ಸತ್ತವರ ಹೆಸರ ನಾ ಹೊರೂದಿಲ್ಲ."

ಕುಂತವರೆಲ್ಲಾ ಶಿವ ಶಿವ ಅಂದ್ರು. ಅಕ್ಕವ್ವ ಸಿಟ್ಟಾಗಲಿಲ್ಲ. ಸೀರಿ ಮಡಚಿ ಬಾಜೂಕಿಟ್ಲು. "ಆಗಲೇಳ ತಂಗಿ. ಜೋರ ಇಲ್ಲ. ಆ ಜಾಗಾ ಏನೂ ಖಾಲಿ ಬಿದ್ದಿಲ್ಲ" ಅಂದ್ಲು.

ಊಟಕ್ಕ ಕುಂತಾಗ ನೋಡತೇನಿ, ಎಡಿ ಒಂದು ಹೆಚ್ಚಿಗಿ. ನಮ್ಮವರ ಬಾಜೂಕ ಒಂದು ಗಂಗಾಳ, ಮುಂದ ಕೂಡಾಕ ಮಣಿ ಹಾಕೇತಿ, ಯಾರೂ ಕುಂತಿಲ್ಲ. ನಾ ಅಲ್ಲಿ ಕೂಡಾಕ ಹೋದ್ರ ಅಕ್ಕವ್ವ ನನಗ ಇತ್ತಲಾಗ ಬಾ ಅಂತ ಬಾಗಲ ಹಂತೇಕ ತೋರಿಸಿದ್ಲು, ಬೀಗರು ಬಂದ್ರ ಕೂಡೂ ಜಾಗಾದಾಗ. ಆ ಖಾಲಿ ಮಣಿ ಮುಂದೂ ಹೋಳಿಗಿ ಬಡಿಸಿದ್ರು, ತುಪ್ಪಾ ಹಾಕಿದ್ರು. ನಮ್ಮವರಿಗೆ ಹಾಲ-ರೊಟ್ಟಿ ಕಂಡ್ರ ಆಗ್ತಿರಲಿಲ್ಲ, ವಾಂತಿ ಬಂದಂಗ ಮಾಡೋರು. ಅಕ್ಕವ್ವ ಹಾಲಾಗ ರೊಟ್ಟಿ ಮುರದು, ಕಲಸಿ, ಮುಂದಿಟ್ಲು. ತಲಿ ಬಗ್ಗಿಸಿ ಎಲ್ಲಾ ಉಂಡು, ಬೆರಳ ನೆಕ್ಕಿದ್ರು. ಉಂಡೆದ್ದು ಹೊರಗ ಬಂದ್ರ ಮಾಯಪ್ಪ ನಿಂತಿದ್ದ. ಆಂವಾ ವಾಡೇದ ಕಾವಲಿನ ಮುದಕ, ಕುರಬರಾಂವ, ತಲಿಗೆ ಕಂಬಳಿ ಕೊಪ್ಪಿ ಹಾಕಿದ್ದ. ಇವರ ಕಾಲ ಮುಟ್ಟಿ ನಮಸ್ಕಾರ ಮಾಡಿ ಎದ್ದು, ಯಾವುದೋ ಮಾತ ನಡುವ ಬಿಟ್ಟು ಹೋಗಿದ್ದಂಗ, "ಧಣ್ಯಾರ, ಅವತ್ತ ಹೇಳಿ ಅರ್ಧಕ್ಕ ಬಿಟ್ರಿ. ಆ ಮುಚ್ಚಿದ ಕಾಲವಿ ಎಲ್ಲೈತಿ ಅಂದ್ರಿ?" ಅಂದ.

"ದೊಡ್ಡ ಮಾವಿನ ಗಿಡದ ಬುಡಕ್ಕೋ ಮಾರಾಯಾ. ಹಾಸಗಲ್ಲ ಎಬ್ಬಿಸಿ ನೋಡು" ಅಂದ್ರು ನಮ್ಮವರು.

ಆ ತ್ವಾಟದಾಗ ಅವರು ಎಂದೂ ಕಾಲಿಟ್ಟವರಲ್ಲ. ಮಾಯಪ್ಪ ಕಬ್ಬಿಣದ ಹಾರಿ ತಗೊಂಡು ಹ್ವಾದ, ನಾವೂ ಹಿಂದ ಹೋದ್ವಿ. ಕಲ್ಲ ಎಬ್ಬಿಸಿದ್ರ ಕೆಳಗ ಕಾಲವಿ ಇತ್ತು, ಒಣಗಿದ ಕೆಸರ ತುಂಬಿತ್ತು. ಆಮ್ಯಾಲ ನಾ ಒಬ್ಬಾಕಿನ ಅವರನ್ನ ಮೂಲಿಗೆ ಕರದು, "ಏನ್ರೀ, ನಿಮಗ್ಹೆಂಗ ಗೊತ್ತಾತು?" ಅಂತ ಕೇಳಿದ್ರ, ಅವರೂ ಅಂಜಿದ್ರು. "ಬಾಯಾಗ ಬಂತು ಸುಂದ್ರಾ. ಹ್ಯಾಂಗ ಬಂತೋ ಗೊತ್ತಿಲ್ಲ" ಅಂತ ನನ್ನ ಕೈ ಗಟ್ಟಿ ಹಿಡದ್ರು. ಅವತ್ತ ನಾ ಆ ಕೈ ಹಿಡದು ಎಳಕೊಂಡು ಬರಬೇಕಿತ್ತು ಅಂತ ನೀವಂತೀರಿ. ಎಳೀಲಿಲ್ಲ ಅಂತ ಯಾರ ಹೇಳಿದ್ರು? ಎಳದೆ. "ಹೊಸಾ ಮಾಲಕ ಅಗದೀ ಮೊದಲನೇ ದಿನಾನ ಓಡಿದ ಅಂದ್ರ ಊರ ನಗತೈತಿ, ವಾಡೆ ಕೈ ಬಿಡತೈತಿ" ಅಂತ ಅವರು ಅಲ್ಲೇ ಉಳದ್ರು. ಪ್ರತಿ ಸಂತಿಗೆ ಬರತೇನಿ ಅಂದ್ರು.

ಬಂದ್ರು. ಮೊದಮೊದಲ ಬಂದ್ರು. ವಾಡೇದ ಒಳಗಿನ ಬಾಗಲಾ ಎಲ್ಲಾ ಗಿಡ್ಡ, ಬಗ್ಗಿನ ಹೋಗಬೇಕು. ನಮ್ಮ ಮೂಡಲಗಿ ಮನಿ ಬಾಗಲಾ ಎತ್ತರ. ಅವರು ಆ ಎತ್ತರದ ಬಾಗಲದಾಗೂ ಬಗ್ಗಿ ಬಗ್ಗಿ ಬರಾಕ ಹತ್ತಿದ್ರು. ಅಡತಿ ಹಮಾಲರನ್ನ ಯಾರ್ಯಾರದೋ ಹೆಸರಿಲೇ ಕರದ್ರು. ಅಕ್ಕವ್ವ ಶ್ರೀಶೈಲಕ್ಕ ಯಾವಾಗ ಹೋಗತಾಳು ಅಂತ ಕೇಳಿದ್ರ, "ಅವ್ವ ಎಲ್ಲಿಗೆ ಹೋಗತಾಳು?" ಅಂದ್ರು. ಅವ್ವ! ಲಕ್ಕವ್ವ ಅಲ್ಲೇ ಜ್ವಾಳಾ ಹಸನ ಮಾಡಕೋಂತ ಕುಂತಿದ್ಲು. ಮರ ಹಿಡದ ಕೈ ನಿಂತು ಹೋತು.

ಒಂದ ಸಂತಿ ದಿವಸ ಅವರ ಚೀಲದಾಗ ಬಳಿ ಸಿಕ್ಕುವು. ಹಸರ ಗಾಜಿನ ಬಳಿ, ಅಗದೀ ಹೊಸಾವು. ಎದಿ ಹಿಗ್ಗಿತ್ರೀ ನಂದು, ಹೆಣ್ಣ ಜಾತಿ ನೋಡ್ರಿ, ಬಳಿ ಕಂಡ್ರ ಎಲ್ಲಾ ಸಿಟ್ಟ ಮರೀತೈತಿ. ಏರಿಸಾಕ ಹೋದ್ರ ಹೆಬ್ಬೆಟ್ಟಿನ ಹಂತೇಕನ ಸಿಕ್ಕುವು. ಸಣ್ಣ ಕೈಯಾಕಿ ಬಳಿ ಅವು.

"ಏನ್ರೀ, ಇವು ಯಾರ ಕೈಗೆ?" ಅಂದೆ.

ಅವರು ಬಳಿ ನೋಡಿದ್ರು, ನನ್ನ ಕೈ ನೋಡಿದ್ರು, ಬೆವತ್ರು. "ಬಳಿಗಾರ ಅಳತಿ ಕೇಳಿದ. ಹೇಳಿದೆ. ನಿನ್ನ ಕೈ ಸಣ್ಣದಿತ್ತಲ್ಲ?" ಅಂದ್ರು. ಕಳ್ಳತನ ಇದ್ರ ನಾ ಹಿಡೀತಿದ್ದೆ, ಜಗಳಾಡತಿದ್ದೆ, ಆ ಬೋಸಡಿ ಯಾವಾಕಿ ಅಂತ ಜುಟ್ಟಾ ಹಿಡದು ಬಡದು ಬರತಿದ್ದೆ. ಅವರ ಕಣ್ಣಾಗ ಕಳ್ಳತನ ಇರಲಿಲ್ಲ. ಖರೇನ ಅವರಿಗೆ ತಿಳೀಲಾರದ ಅಂಜಿಕಿ ಇತ್ತು. ಮರುದಿನ ಬಳಿ ತಗೊಂಡು ಹೋದ್ರು. ಮುಂದಿನ ಸಂತಿಗೆ ಬರಲಿಲ್ಲ, ಅದರ ಮುಂದಿನ ಸಂತಿಗೂ ಬರಲಿಲ್ಲ.

ದಸರಾ ಮುಗಿಯೂತನಾ ಕಾದು, ಲಕ್ಕವ್ವನ್ನ ಎಬ್ಬಿಸಿಕೊಂಡು ಗಾಡಿ ಹೂಡಿಸಿದೆ. ನಾಕಾದಾಗ ಸಿಪಾಯಿ ಗಾಡಿ ತರುಬಿದ. ಯಾವೂರು ಅಂದ, ಹೇಳಿದೆ. ಗಂಡನ ಹೆಸರೇನು ಅಂದ.

ಈಗ ಹೇಳ್ರಿ, ನಾ ಏನು ಮಾಡಬೇಕು? ನಮ್ಮ ಕಡೆ ಹೇಂತಿ ಗಂಡನ ಹೆಸರ ಹಿಡೀತಾಳೇನು? ಹಿಡದ್ರ ಅವನ ಆಯುಷ್ಯ ಕಮ್ಮಿ ಆಗತೈತಿ ಅಂತಾರ. ಕಚೇರಿಗೆ ಹೋದ್ರೂ ಬಾಜೂ ನಿಂತವರು ಹೇಳಬೇಕು, ನಾವು ಗೋಣ ಹಾಕಬೇಕು. ನಾ ಲಕ್ಕವ್ವನ ಕಡೆ ನೋಡಿದೆ. ಆಕಿ ಮಾರಿ ತಿರವಿದ್ಲು. ಬಿಟ್ಟ ನೀರು! "ಬೆಲ್ಲದ ಅಡತಿಯವರ್ರಿ, ಮೂಡಲಗಿ ಸಾವಕಾರ್ರು" ಅಂದೆ. "ಹೆಸರ ಹೇಳ್ರಿ ಬಾಯಾರ, ಹೆಸರ" ಅಂತ ಆಂವಾ ನಕ್ಕ. ಹಿಂದ ಗಾಡಿ ಸಾಲ ನಿಂತಿದ್ದುವು, ಮಂದಿ ಒದರಾಕತ್ತಿದ್ರು. "ಬನ್ನಿಕಟ್ಟಿ ರುದ್ರಗೌಡ್ರ ಕಡೆಯವರೇನು?" ಅಂತ ಅವನ ಕೇಳಿದ. ನನ್ನ ಗೋಣು ಹೂಂ ಅಂತ ಅಳ್ಳಾಡ್ತು. ಥೂ, ಆ ಗೋಣಿಗೆ ನಾ ಎಷ್ಟ ಬೈದೇನೋ.

ವಾಡೇದಾಗ ಅವರು ಕಟ್ಟಿ ಮ್ಯಾಲ ಕುಂತಿದ್ರು, ಗೂಟದ ರುಮಾಲ ತಲೀಗೆ. ನನ್ನ ಕಂಡು ಎದ್ದು ನಿಂತ್ರು, ನಕ್ಕರು, ಆದ್ರ ಪರಿಚಯ ಇದ್ದವರ ಮನಿ ಹೆಣಮಗಳ್ನ ಕಂಡಂಗ ನಕ್ಕರು. ಕೂಡ್ರಿ ಅಂದ್ರು. ನನಗ ಕೂಡ್ರಿ! "ಅಡತಿ ಹ್ಯಾಂಗ ನಡದೈತಿ? ಅದು... ಯಾವ ಓಣ್ಯಾಗ ಅದು?" ಅಂತ ಹಣಿ ತಿಕ್ಕಿಕೊಂಡ್ರು. ಒಳಗ ಬಾವಿ ಕಡೆ ಯಾರೋ ಕೊಡಾ ಇಳಿಸಿದ ಸಪ್ಪಳಾತು. ಅಕ್ಕವ್ವ ನಮ್ಮ ಮುಂದನ ಕುಂತಾಳ, ಆಳ ಹೆಣಮಗಳು ಊರಾಗ ಹೋಗ್ಯಾಳ. ಅಕ್ಕವ್ವ ಆ ಕಡೆ ಮಾರಿ ಮಾಡಿ, "ಶಿವಗಂಗಾ, ಮಂದಿ ಬಂದಾರ, ನೀರ ತಾರವ್ವ" ಅಂದ್ಲು. ನೀರ ಬರಲಿಲ್ಲ ಅಂದ್ಕೊಂಡೆ. ಹೊಳ್ಳಿ ನೋಡಿದ್ರ ನನ್ನ ಬಾಜೂಕ ತಂಬಗಿ ಇತ್ತು, ಮ್ಯಾಲ ಹನಿ ನಿಂತಿದ್ದುವು.

ಅದರಾಗಿನ ನೀರ ನಾ ಕುಡೀಲಿಲ್ಲ. ಲಕ್ಕವ್ವನ್ನ ರೆಟ್ಟಿ ಹಿಡದು ಹೊರಗ ಎಳಕೊಂಡ ಬಂದೆ. "ಅತ್ತೀ, ನಿಮ್ಮ ಕಾಲ ಬೀಳತೇನಿ. ಒಂದ ಸಲ ಅವರ ಹೆಸರ ಹಿಡದು ಕರೀರಿ. ಹಡದ ದನಿ ಅದು, ಕೇಳಿದ್ರ ಎಚ್ಚರ ಆಗತಾರ. ಪ್ಯಾಟ್ಯಾಗ ಎಲ್ಲಾರೂ ಸಾವಕಾರ್ರ ಅಂತಿದ್ರು, ಇಲ್ಲಿ ಎಲ್ಲಾರೂ ಧಣ್ಯಾರ ಅಂತಾರ. ಆ ಹೆಸರಿನ್ಯಾಗ ಅವರನ್ನ ಕರ್ಯಾವರು ಜಗತ್ತಿನಾಗ ನೀವೊಬ್ಬರ."

ಲಕ್ಕವ್ವ ಎದಿ ಎದಿ ಬಡಕೊಂಡು ಅತ್ಲು. "ಕರದ್ರ ಅವನ ತಲೀಗೆ ಬರತೈತಿ ಅಂದಾಳ ಸುಂದ್ರಾ. ನಾ ಹಡದಾಕಿ, ನನ್ನ ಬಾಯಿಲೆ ಅವನ್ನ ಹ್ಯಾಂಗ ಕೊಲ್ಲಲಿ? ನೀ ಕೊಟ್ಟಿಲ್ಲಲ್ಲ. ನೀ ಕರಿ."

"ನಾ ಕರದ್ರ ಆಯುಷ್ಯ ಕಮ್ಮಿ ಆಗೂದಿಲ್ಲೇನು?"

ನಾವಿಬ್ಬರೂ ಹಳ್ಳದ ದಂಡಿ ಮ್ಯಾಲ, ಆಚಿಗೂ ಇಲ್ಲದ ಈಚಿಗೂ ಇಲ್ಲದ, ಹೊತ್ತ ಇಳಿಯೂತನಾ ಕುಂತು ಅತ್ತು ಮನಿಗೆ ಬಂದ್ವಿ. ಆಮ್ಯಾಲ ದೀಪಾವಳಿ ಹೋತು, ಛಟ್ಟಿ ಹಬ್ಬಾ ಹೋತು. ಒಬ್ಬಾಕಿನ ಅಡಗಿ ಮನ್ಯಾಗ ಕುಂತು ಆ ಹೆಸರ ತುಟೀತನಾ ತರತಿದ್ದೆ, ಮತ್ತ ನುಂಗತಿದ್ದೆ. ಕಡೀಕೆ ಒಂದ ದಿನ ಅಂದ್ಕೊಂಡೆ: ಆಯುಷ್ಯ ಕಮ್ಮಿ ಆಗಲಿ. ಕಮ್ಮಿ ಆದ ಆಯುಷ್ಯಾನರ ನನ್ನ ಮನ್ಯಾಗ ಕಳೀಲಿ. ಅಲ್ಲಿ ಸತ್ತವರ ನಡುವ ನೂರ ವರ್ಷ ಬಾಳಿ ಏನ ಮಾಡೂದೈತಿ?

ಎಳ್ಳ ಅಮಾಸಿ ದಿವಸ ಹೋದೆ. ಅವತ್ತ ಎಲ್ಲಾರೂ ಹೊಲಕ್ಕ ಹೋಗತಾರ, ಗಂಡಸು ವಾಡೇದಾಗಿಂದ ಹೊರಗ ಸಿಗತಾನ ಅಂತ ಲೆಕ್ಕಾ ಹಾಕಿದ್ದೆ. ಲಕ್ಕವ್ವನ್ನ ಗಾಡ್ಯಾಗ ಹಳ್ಳದ ಹಂತೇಕ ಬಿಟ್ಟು, ಒಬ್ಬಾಕಿನ ಹೊಲದಾಗ ನಡದೆ. ನಡು ಮಧ್ಯಾಹ್ನ, ಕಣ್ಣ ಕುಕ್ಕೂವಂಥಾ ಬಿಸಲು. ಎದಿಮಟಾ ಬಿಳಿಜ್ವಾಳಾ, ಅದರಾಚಿ ಕಡ್ಲಿ. ಗಾಳಿ ಒಂದ ಎಲಿ ಅಳ್ಳಾಡಸತಿರಲಿಲ್ಲ. ಬಾಜೂ ಹೊಲದವರ ನಗಿ, ಮಾತು, ಎಲ್ಲಾ ಈ ಹೊಲದ ಬದುವಿನ ತನಾ ಬಂದು ಅಲ್ಲೇ ನಿಂತಂಗ ಇತ್ತು.

ಅವರು ಚರಗಾ ಚೆಲ್ಲಾಕತ್ತಿದ್ರು. ಚರಗಾ ಅಂದ್ರ ಎಲ್ಲಾ ಅಡಗಿ ಕಲಸಿ ಬುಟ್ಟ್ಯಾಗ ತುಂಬಕೊಂಡು, ಭೂಮಿತಾಯಿ ಉಣ್ಣಲಿ ಅಂತ ಹೊಲದ ತುಂಬ ಎರಚತಾರಲ್ಲ, ಅದು. ಎರಚಾಂವ "ಹುಲ್ಲುಲ್ಲಿಗ್ಯೋ" ಅಂತ ಒದರತಾನ, ಹಿಂದ ತಂಬಗಿ ಹಿಡದು ನೀರ ಚಿಮುಕಸ್ಕೋಂತ ಬರಾವರು "ಚೆಲ್ಲಂಬ್ರಿಗ್ಯೋ" ಅಂತ ದನಿಗೂಡಸತಾರ. ಅವರ ಹಿಂದ ಯಾರೂ ಇರಲಿಲ್ಲ. ಮಾಯಪ್ಪ ದೂರ ಬನ್ನಿ ಗಿಡದ ಕೆಳಗ ಅಕ್ಕವ್ವನ ಬಾಜೂಕ ಕುಂತಿದ್ದು ಕಾಣತಿತ್ತು.

"ಹುಲ್ಲುಲ್ಲಿಗ್ಯೋ" ಅಂದ್ರು ಅವರು.

"ಚೆಲ್ಲಂಬ್ರಿಗ್ಯೋ" ಅಂತ ಹೆಣಮಗಳ ದನಿ ಬಂತು. ಅವರ ಬೆನ್ನ ಹಿಂದಿಂದ, ಭಾಳ ಸನೇದಿಂದ. ಅವರ ನಡದ ದಾರಿಗುಂಟ ಒಣಾ ಎರಿ ಮಣ್ಣಿನ ಮ್ಯಾಲ ನೀರಿನ ಹನಿ ಬಿದ್ದು ಕರ್ರಗ ಆಗಾಕತ್ತಿತ್ತು.

ಎವ್ವಾ! ಓಡಿ ಹೋಗಲೇನು ಅಂತ ಅನಿಸ್ತು. ಆದ್ರ ಸಿಟ್ಟೂ ಬಂತು. ಸತ್ತಾಕಿ, ಮಣ್ಣಾಗ ಹೋದಾಕಿ, ನನ್ನ ಗಂಡನ ಬೆನ್ನಿಗೆ ಬಿದ್ದು ಹಬ್ಬಾ ಮಾಡತಾಳೇನು? ಸೆರಗ ಬಿಗದು ಕಟ್ಟಿದೆ. ಕಡ್ಲಿ ತುಳಕೋಂತ ಹೋಗಿ ಅವರ ಎದುರಿಗೆ ಅಡ್ಡ ನಿಂತೆ. ಶಿವನ್ನ ನೆನದು ಕಣ್ಣ ಮುಚ್ಚಿದೆ.

"ಉದ್ದಪ್ಪಾ!" ಅಂದೆ.

ಜ್ವಾಳದಾಗಿನ ಹಕ್ಕಿ ಒಮ್ಮೆಲೆ ಬುರ್ ಅಂತ ಎದ್ದುವು. ಮತ್ತೊಮ್ಮೆ ಒದರಿದೆ, ಹೊಟ್ಟ್ಯಾಗಿನ ಕರಳ ಬಾಯಿಗೆ ಬರೂವಂಗ. "ಉದ್ದಪ್ಪಾ! ಮೂಡಲಗಿ ಉದ್ದಪ್ಪಾ!" ಕಣ್ಣ ತಗದ್ರ ಅವರು ನಿಂತಿದ್ರು, ಕೈಯಾಗಿನ ಚರಗಾ ಕೈಯಾಗನ ಇತ್ತು.

"ಯಾರನ್ನ ಕರ್ಯಾಕತ್ತೀರಿ, ಬಾಯಾರ?" ಅಂದ್ರು. ಸಿಟ್ಟಿಲ್ಲ, ಅಂಜಿಕಿಲ್ಲ.

"ನಿಮ್ಮನ್ನರಿ! ನಿಮ್ಮವ್ವ ಇಟ್ಟ ಹೆಸರದು."

"ಉದ್ದಪ್ಪ" ಅಂತ ತಮ್ಮಷ್ಟಕ್ಕ ತಾವ ಅಂದು ನೋಡಿದ್ರು. "ಚಲೋ ಹೆಸರ ಐತಿ. ಎಲ್ಲೋ ಕೇಳಿದಂಗ ಐತಿ. ನಮ್ಮ ಹೊಲದಾಗ ಆ ಹೆಸರಿನಾಂವ ಯಾರೂ ಇಲ್ರಿ."

ನನ್ನ ಎದಿ ಒಡೀತು. ಹ್ಯಾಂಗ ಹೊಳ್ಳತಾರ ಅವರು? ಆ ಹೆಸರ ನನ್ನ ಬಾಯಾಗ ಅವರು ಎಂದ ಕೇಳ್ಯಾರ? ಹಾಲ ಕುಡಿಯೂವಾಗಿಂದ ಅವ್ವನ ಬಾಯಾಗ ಕೇಳಿದ ಹೆಸರದು. ಅವರವ್ವ ಕರದಿದ್ರ ಮಣ್ಣಾಗಿಂದರ ಎದ್ದು ಬರತಿದ್ರು. ನಾ ಕರದ್ರ ಅದು ದಾರಿಗೆ ಹೋಗಾವರು ಯಾರೋ ಯಾರನ್ನೋ ಕರದಂಗ. ನೆಲಕ್ಕ ಕುಕ್ಕರಿಸಿದೆ. ಅತ್ತೆ. ಅಳಕೋಂತ, ಯಾವ ವಿಚಾರಾನೂ ಇಲ್ಲದ, ರೂಢೀಲೆ ಬಾಯಾಗ ಬಂತು: "ಏನ್ರೀ... ಇಲ್ಲೆ ನೋಡ್ರಿ. ನಾ ಅದೀನ್ರೀ."

ಅವರ ಕೈಯಾಗಿನ ಚರಗಾ ಉದರಿ ಬಿತ್ತು. ಮಾರಿ ಮ್ಯಾಲ, ಖರೆ ಹೇಳತೇನಿ, ನನ್ನ ತಾಯಾಣಿ, ನಮ್ಮ ಮನಿ ಕಳೆ ಬಂತು. ಹುಬ್ಬ ಬಿಚ್ಚಿದುವು, ಕಣ್ಣಾಗ ನೀರ ತುಂಬಿತು. "ಸುಂದ್ರಾ" ಅಂದ್ರು. "ಯಾವಾಗ ಬಂದಿ ಸುಂದ್ರಾ? ಬಿಸಲಾಗ ಯಾಕ ಕುಂತೀ?"

ನಾ ಎದ್ದೆ. ಕೈ ಚಾಚಿದೆ. ಅವರೂ ಒಂದ ಹೆಜ್ಜಿ ಮುಂದ ಇಟ್ರು. ಇನ್ನೊಂದು ಇಟ್ಟಿದ್ರ ನನ್ನ ಕೈಗೆ ಸಿಗತಿದ್ರು.

"ಏನ್ರೀ" ಅಂತ ಅವರ ಬೆನ್ನ ಹಿಂದಿಂದ ದನಿ ಬಂತು. ಗದ್ದಲಿಲ್ಲ, ಗಡಿಬಿಡಿಲ್ಲ. ಅಡಗಿ ಆದ ಮ್ಯಾಲ ಒಳಗಿಂದ ನಾವು ಹ್ಯಾಂಗ ಕರೀತೀವೋ ಹಂಗ. "ಏನ್ರೀ, ಎಷ್ಟೊತ್ತ ನಿಂದರತೀರಿ? ಉಣ್ಣಾಕ ಬರ್ರಿ."

ಎಲ್ಲಾ ಹೇಂತೇರೂ ಹಂಗನ ಕರೀತೇವಿ. ಆ ಶಿವಗಂಗವ್ವನೂ ತನ್ನ ಗಂಡನ ಹೆಸರ ಎಂದೂ ಹಿಡದಾಕಿ ಅಲ್ಲ. ಅವರು ನನ್ನ ನೋಡಿದ್ರು, ಹಿಂದ ನೋಡಿದ್ರು, ಮತ್ತ ನನ್ನ ನೋಡಿದ್ರು. ಕರದಾಕಿ ಯಾರು ಅಂತ ಅವರಿಗೆ ತಿಳೀಲಿಲ್ಲ. ಅವರ ಮಾರಿ ಮ್ಯಾಲಿನ ಆ ಗೊಂದಲ ನೋಡಿದಷ್ಟ ಸಂಕಟ ನಾ ಮತ್ಯಾವತ್ತೂ ಪಟ್ಟಿಲ್ಲ. "ಏನ್ರೀ" ಅಂತ ನಾನೂ ಒದರಿದೆ. ಅದ ಹೊತ್ತಿಗೆ ಆ ದನೀನೂ ಅಂತು. ಎರಡೂ ಕೂಡಿ ಒಂದ ಆತು.

"ಬಂದೆ" ಅಂದ್ರು. ಅಡತಿಯಿಂದ ಬಂದು ಕಟ್ಟಿ ಮ್ಯಾಲ ಕುಂತಾಗ, ನಾ ಒಳಗಿಂದ ಕರದ್ರ ಹ್ಯಾಂಗ ಅಂತಿದ್ರೋ ಅದ ದನ್ಯಾಗ ಅಂದ್ರು. ಬುಟ್ಟಿ ಬಗಲಾಗ ಇಟಕೊಂಡು ಹೊಳ್ಳಿ, ಹಸಿ ಆದ ಮಣ್ಣಿನಗುಂಟ ಆ ಕಡೆ ನಡದ್ರು.